ಪೆಟ್ರೋಲ್ ದುಡ್ಡು ಯಾರೂ ಕೊಡಲ್ಲ ಅಪ್ಪ

ಸ್ವಿಂಡನ್, ಇಂಗ್ಲೆಂಡ್
11 ಜನವರಿ 2026

ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀವು, ಅಮ್ಮ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅವರೆಕಾಯಿ ಸಿಪ್ಪೆ ಸುಲಿಯುತ್ತಾ ಅಮ್ಮ ಮೊನ್ನೆ ಫೋನಿನಲ್ಲಿ ಒಂದು ಮಾತು ಹೇಳಿದಳು. ಅದಕ್ಕೇ ಈ ಕಾಗದ. ವಾಕಿಂಗ್ ಹೋದಾಗ ನಿಮ್ಮ ಪೆನ್ಷನ್ ಗೆಳೆಯರಿಗೆಲ್ಲ "ನನ್ನ ಮಗಳಿಗೆ ಇಂಗ್ಲೆಂಡ್ ಸರ್ಕಾರ ಮೈಲಿಗೆ ಇಷ್ಟು ಅಂತ ಪೆಟ್ರೋಲ್ ದುಡ್ಡು ಕೊಡುತ್ತೆ" ಅಂತ ಹೇಳುತ್ತಿದ್ದೀರಂತೆ. ಯಾರೂ ಕೊಡಲ್ಲ ಅಪ್ಪ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ "ಗೊತ್ತಾಯ್ತು ಬಿಡು" ಅಂತೀರಿ. ಕಾಗದ ಆದರೆ ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತೀರಿ.

ನಾನು ಯಾರ ಕೈಕೆಳಗೂ ಕೆಲಸ ಮಾಡುತ್ತಿಲ್ಲ. ಚೈಲ್ಡ್‌ಮೈಂಡರ್ ಅಂದರೆ ನಮ್ಮ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದು. ಅಮ್ಮ ನೆಂಟರ ಹತ್ತಿರ ಹೇಳಿಕೊಳ್ಳೋಕೆ ಹಿಂಜರಿಯುತ್ತಾಳೆ, ಗೊತ್ತು. ಆಫ್‌ಸ್ಟೆಡ್ ಅಂತ ಶಾಲೆಗಳನ್ನೂ ಮಕ್ಕಳ ಆರೈಕೆಯನ್ನೂ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಇದೆ, ಅವರ ನೋಂದಣಿ, ತಪಾಸಣೆ ಎಲ್ಲ ಇರುವ ಕೆಲಸ ಇದು ಅಂತ ಅವಳಿಗೆ ಹೇಳಿ. ಹೆತ್ತವರು ಕೊಡುವ ಫೀಸು, ಪುಟ್ಟ ಮಕ್ಕಳನ್ನು ಸರ್ಕಾರದ ಲೆಕ್ಕದಲ್ಲಿ ಫ್ರೀಯಾಗಿ ನೋಡಿಕೊಳ್ಳುವ ಗಂಟೆಗಳಿಗೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಬರುವ ದುಡ್ಡು, ಇಷ್ಟೇ ನನ್ನ ಆದಾಯ. ಸಂಬಳ ಕೊಡುವವರೇ ಇಲ್ಲದ ಮೇಲೆ ಟಿಎ, ಅಂದರೆ ಓಡಾಟದ ಭತ್ಯೆ, ಕೊಡುವವರು ಎಲ್ಲಿಂದ ಬರಬೇಕು?

ನಿಮ್ಮ ಟಿಎ ಬಿಲ್ ಪಾಸಾದರೆ ದುಡ್ಡು ಕೈಗೆ ಬರುತ್ತಿತ್ತು. ಇಲ್ಲಿ ಹಾಗಲ್ಲ. ಕೆಲಸಕ್ಕೆ ಕಾರು ಓಡಿಸಿದ ಮೈಲಿಗಳನ್ನು ಲೆಕ್ಕ ಹಾಕಿ, ಮೈಲಿಗೆ 45 ಪೆನ್ಸ್‌ನಂತೆ ನನ್ನ ಆದಾಯದಿಂದ ಕಳೆಯುತ್ತೇನೆ. ವರ್ಷಕ್ಕೆ 10,000 ಮೈಲಿ ದಾಟಿದರೆ ಆಮೇಲಿನದಕ್ಕೆ 25 ಪೆನ್ಸ್. ನಾನು ಅಷ್ಟು ದೂರ ಎಲ್ಲಿ ಹೋಗುತ್ತೇನೆ! ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ.

ನೀವು ಲೆಕ್ಕ ಕೇಳದೆ ಬಿಡಲ್ಲ, ಬರೆಯುತ್ತೇನೆ. ಇಲ್ಲಿನ ಲೆಕ್ಕದ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತೆ. ತೆರಿಗೆ ಇಲಾಖೆಗೆ ಈಗ ಕಳಿಸಿದ್ದು 2024-25ರ ಲೆಕ್ಕ. ನಾನು ನೋಡಿಕೊಳ್ಳುವವರಲ್ಲಿ ದೊಡ್ಡ ಮಕ್ಕಳಿಬ್ಬರ ಶಾಲೆ ನಮ್ಮ ಮನೆಯಿಂದ 3 ಮೈಲಿ. ಬೆಳಿಗ್ಗೆ ಬಿಟ್ಟು ಬರಬೇಕು, ಮಧ್ಯಾಹ್ನ ಮತ್ತೆ ಹೋಗಿ ಕರೆದುಕೊಂಡು ಬರಬೇಕು. ದಿನಕ್ಕೆ 12 ಮೈಲಿ ಆಯಿತು. ಶಾಲೆ ವರ್ಷಕ್ಕೆ 190 ದಿನ. ಅಲ್ಲಿಗೆ 2,280. ಲೈಬ್ರರಿ, ಪ್ಲೇಗ್ರೂಪ್, ರಜೆಯಲ್ಲಿ ಮಕ್ಕಳನ್ನು ಕೋಟ್ ವಾಟರ್ ಕೆರೆ ಹತ್ತಿರ ಕರೆದುಕೊಂಡು ಹೋದದ್ದು, ಫಸ್ಟ್ ಏಡ್ ತರಬೇತಿಗೆ ಹೋದದ್ದು, ಎಲ್ಲ ಸೇರಿ ಇನ್ನೊಂದು 1,320. ಒಟ್ಟು 3,600 ಮೈಲಿ. 1,620 ಪೌಂಡ್ ಆದಾಯದಿಂದ ಕಳೆಯಿತು. ನನಗೆ ಆದಾಯ ತೆರಿಗೆ ನೂರಕ್ಕೆ 20, ನ್ಯಾಷನಲ್ ಇನ್ಶೂರೆನ್ಸ್ ಅಂತ ಇನ್ನೊಂದು 6. ಹಾಗಾಗಿ ಉಳಿದದ್ದು ಸುಮಾರು 421 ಪೌಂಡ್. ರೂಪಾಯಿಗೆ ತಿರುಗಿಸಿದರೆ ನಲವತ್ತು ಸಾವಿರ ದಾಟುತ್ತೆ, ನಿಜ. ಆದರೆ ಅದು ಯಾರೋ ಕೊಟ್ಟದ್ದಲ್ಲ, ನನ್ನ ದುಡ್ಡು ನನ್ನಲ್ಲೇ ಉಳಿದದ್ದು.

ಮೊದಲನೇ ವರ್ಷದ ಕಥೆ ನಿಮಗೆ ಹೇಳಿರಲಿಲ್ಲ. ನಾಚಿಕೆ. ಇಡೀ ವರ್ಷ ಒಂದು ಮೈಲಿಯನ್ನೂ ಬರೆದಿಟ್ಟಿರಲಿಲ್ಲ. ಆನ್‌ಲೈನ್‌ನಲ್ಲಿ ಲೆಕ್ಕ ಕಳಿಸಲು ಜನವರಿ 31 ಕೊನೇ ದಿನ, ತಪ್ಪಿದರೆ 100 ಪೌಂಡ್ ದಂಡ. 28ನೇ ತಾರೀಕು ರಾತ್ರಿ ಊಟದ ಟೇಬಲ್ ಮೇಲೆ ಎಲ್ಲ ಹರಡಿಕೊಂಡು ಕೂತೆ. ಮಕ್ಕಳ ಹಾಜರಿ ಪುಸ್ತಕ ಇಡಲೇಬೇಕು ಅಂತ ನಿಯಮ ಇರುವುದರಿಂದ ಅದೊಂದು ಇತ್ತು, ಪುಣ್ಯ. ಯಾವ ಮಗು ಯಾವ ದಿನ ಬಂದಿತ್ತು ಅಂತ ನೋಡಿ ಶಾಲೆ ಓಡಾಟ ಎಣಿಸಿದೆ. ಆದರೆ ಪಾರ್ಕಿಗೆ ಯಾವತ್ತು ಹೋಗಿದ್ದೆವು? ಪ್ಲೇಗ್ರೂಪ್ ಎಷ್ಟು ವಾರ? ಇವರು "ಅಂದಾಜಿಗೆ ಒಂದು ಹಾಕಿಬಿಡು" ಅಂದರು. ಆಗ ನೀವು ನೆನಪಾದಿರಿ. ಭಾನುವಾರ ಬೆಳಿಗ್ಗೆ ಲೂನಾ ಒರೆಸಿ, ಜಗಲಿ ಮೇಲೆ ಕೂತು ಟೂರ್ ಡೈರಿ ಬರೆಯುತ್ತಿದ್ದಿರಲ್ಲ. ತಿಪಟೂರಿನಿಂದ ಹೊನ್ನವಳ್ಳಿ, ಹೊನ್ನವಳ್ಳಿಯಿಂದ ವಾಪಸ್. ಹೊರಟ ಗಂಟೆ, ತಲುಪಿದ ಗಂಟೆ. ಬರೆಯಲು ಮರೆತ ದಿನದ ಟಿಎ ಕೇಳುತ್ತಲೇ ಇರಲಿಲ್ಲ. "ಡೈರಿಯಲ್ಲಿ ಇಲ್ಲ ಅಂದ್ರೆ ಹೋಗೇ ಇಲ್ಲ" ಅಂತಿದ್ದಿರಿ. ಅಂದಾಜು ಹಾಕಲಿಲ್ಲ. ಆ ಓಡಾಟವೆಲ್ಲ ಹೋಯಿತು.

ಈಗ ಕಾರಿನ ಬಾಗಿಲಿನ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್. ದಾರದಲ್ಲಿ ಕಟ್ಟಿದ ಪೆನ್ಸಿಲ್. ಪೆನ್ನು ಯಾಕಿಲ್ಲ ಅಂದರೆ, ಜನವರಿ ಚಳಿಗೆ ರೀಫಿಲ್ ಇಂಕು ಗಟ್ಟಿಯಾಗಿ ಬರೆಯುವುದೇ ಇಲ್ಲ. ತಾರೀಕು, ಎಲ್ಲಿಂದ ಎಲ್ಲಿಗೆ, ಯಾಕೆ, ಎಷ್ಟು ಮೈಲಿ. ಎಚ್‌ಎಂಆರ್‌ಸಿಗೆ, ಅಂದರೆ ತೆರಿಗೆ ಇಲಾಖೆಗೆ, ಇದನ್ನು ಕಳಿಸಬೇಕಿಲ್ಲ. ಕೇಳಿದರೆ ತೋರಿಸಬೇಕು. ಆ ಜನವರಿ 31 ಕಳೆದ ಮೇಲೂ 5 ವರ್ಷ ಜೋಪಾನವಾಗಿ ಇಟ್ಟಿರಬೇಕು.

ಮೀಟರ್ ಓದುವ ಕೆಲಸ ಹಿಂದಿನ ಸೀಟಿನ ನಾಲ್ಕು ವರ್ಷದ ಹುಡುಗನದು. ಶಾಲೆಯಿಂದ ವಾಪಸ್ ಬಂದು ಕಾರು ನಿಲ್ಲಿಸಿ ಬೆಲ್ಟ್ ಬಿಚ್ಚಿದರೆ ಸಾಕು, ನನ್ನ ಸೀಟಿನ ಸಂದಿನಲ್ಲಿ ತಲೆ ತೂರಿಸಿ ಒಂದೊಂದೇ ಅಂಕಿ ಹೇಳುತ್ತಾನೆ. ಸುಮ್ನೆ ಇರಲಿ ಅಂತ ಕನ್ನಡದಲ್ಲಿ ಹೇಳಿಕೊಟ್ಟೆ. ಏಳು, ಒಂದು ಚೆನ್ನಾಗಿಯೇ ಅನ್ನುತ್ತಾನೆ. ಸೊನ್ನೆ ಮಾತ್ರ "ಸನ್ನಿ" ಆಗಿದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಇವನು "ಸನ್ನಿ, ಸನ್ನಿ"!

ಎಲ್ಲ ಓಡಾಟ ಬರೆಯುವಂತಿಲ್ಲ. ಶನಿವಾರ ಇಂಡಿಯನ್ ಅಂಗಡಿಗೆ ಹೋಗಿ ರಾಗಿಹಿಟ್ಟು, ತೊಗರಿಬೇಳೆ ತರುತ್ತೇನೆ. ಜೊತೆಗೆ ಈ ಮಕ್ಕಳಿಗೆ ಹಾಲು, ಬಾಳೆಹಣ್ಣು, ಬಣ್ಣದ ಕಾಗದ. ಅದು ಲೆಕ್ಕಕ್ಕಿಲ್ಲ, ಮನೆಯದೂ ಕೆಲಸದ್ದೂ ಕಲಸಿಹೋಯಿತಲ್ಲ. ನಿಮ್ಮ ಮೊಮ್ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬಂದದ್ದಂತೂ ಇಲ್ಲವೇ ಇಲ್ಲ. ಮಕ್ಕಳ ಜೊತೆ ಹೋದಾಗ ಕೊಟ್ಟ ಪಾರ್ಕಿಂಗ್ ದುಡ್ಡನ್ನು ಬೇರೆಯಾಗಿ ಹಾಕಬಹುದು. ಪಾರ್ಕಿಂಗ್ ದಂಡ ಹಾಕುವಂತಿಲ್ಲ. (ಒಂದು ಸಲ ಬಿದ್ದಿದೆ. ಇವರಿಗೆ ಹೇಳಬೇಡಿ.)

ಇಲ್ಲಿ ಮ್ಯಾಜಿಕ್ ರೌಂಡಬೌಟ್ ಅಂತ ಒಂದು ಸರ್ಕಲ್ ಇದೆ. 1972ರಲ್ಲಿ ಮಾಡಿದ್ದು. ನಡುವೆ ಒಂದು ಸರ್ಕಲ್, ಸುತ್ತ ಐದು ಪುಟ್ಟ ಸರ್ಕಲ್. ನಡುವಿನದನ್ನು ಉಲ್ಟಾ ಸುತ್ತಬೇಕು. ಹೊಸದರಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡು ಅದರೊಳಗೆ ನುಗ್ಗಿ, ಬೇರೆ ಯಾವುದೋ ರಸ್ತೆಯಲ್ಲಿ ಹೊರಗೆ ಬಂದಿದ್ದೇನೆ. ಆ ದಾರಿ ತಪ್ಪಿದ ಮೈಲಿಗಳನ್ನೂ ಬರೆದಿದ್ದೆ ಅನ್ನಿ!

ಹೋದ ತಿಂಗಳು ಬ್ರೇಕ್ ಕಿರ್ ಅನ್ನೋಕೆ ಶುರುವಾಯಿತು. ಗ್ಯಾರೇಜಿನಲ್ಲಿ 380 ಪೌಂಡ್ ಬಿಲ್. ಅದನ್ನೂ ಖರ್ಚಿಗೆ ಹಾಕು ಅಂತ ನೀವು ಈಗಲೇ ಅನ್ನುತ್ತಿರುತ್ತೀರಿ. ಆಗಲ್ಲ ಅಪ್ಪ. ಪೆಟ್ರೋಲ್, ಇನ್ಶೂರೆನ್ಸ್, ರಿಪೇರಿ, ಸವೆತ ಎಲ್ಲ ಆ 45 ಪೆನ್ಸಿನೊಳಗೇ ಬಂತು. ಬೇಕಿದ್ದರೆ ನಿಜವಾದ ಖರ್ಚಿನಲ್ಲಿ ಕೆಲಸದ ಪಾಲು ಎಷ್ಟು ಅಂತ ಲೆಕ್ಕ ಇಡಬಹುದಿತ್ತು. ಆದರೆ ಒಂದು ಕಾರಿಗೆ ಮೈಲಿ ಲೆಕ್ಕ ಹಿಡಿದ ಮೇಲೆ ಆ ಕಾರು ಇರುವವರೆಗೆ ಅದೇ. ನನ್ನದು ಹಳೇ ಪುಟ್ಟ ಕಾರು, ಪೆಟ್ರೋಲ್ ಜಾಸ್ತಿ ಕುಡಿಯಲ್ಲ. ಒಟ್ಟಾರೆ ನೋಡಿದರೆ ಮೈಲಿ ಲೆಕ್ಕವೇ ವಾಸಿ. ಆದರೂ ಬಿಲ್ ಕೈಗೆ ಬಂದ ದಿನ ಹೊಟ್ಟೆ ಉರಿಯಿತು. ಈ 45 ಪೆನ್ಸ್ 2011ರಿಂದ ಹಾಗೇ ಇದೆ. ಗ್ಯಾರೇಜಿನವರ ರೇಟು ಹಾಗೇ ಇದೆಯಾ?

ಸಂಕ್ರಾಂತಿಗೆ ಎಳ್ಳು ಬೀರೋಕೆ ಇಲ್ಲಿ ಮೂರ್ನಾಲ್ಕು ಕನ್ನಡದ ಮನೆಗಳಿವೆ. ಕೊಬ್ಬರಿ ಮಾತ್ರ ನಮ್ಮೂರಿನ ಹಾಗಿಲ್ಲ. ಅಮ್ಮನಿಗೆ ಹುಳಿಪುಡಿ ಖಾಲಿಯಾಯಿತು ಅಂತ ಹೇಳಿ, ಮಾರ್ಚ್‌ನಲ್ಲಿ ಬರುವವರ ಕೈಲಿ ಕಳಿಸಲಿ.

ನಾಳೆ ವಾಕಿಂಗ್ ಹೋದಾಗ ಗೆಳೆಯರಿಗೆ ಸರಿಯಾಗಿ ಹೇಳಿ. "ಹಾಗಾದ್ರೆ ಏನೂ ಕೊಡಲ್ವಾ?" ಅಂತ ಅವರು ಕೇಳೇ ಕೇಳುತ್ತಾರೆ. ಬ್ರೇಕ್ ಬಿಲ್ಲಿನ ಫೋಟೋ ವಾಟ್ಸಾಪ್ ಮಾಡಿದ್ದೇನೆ, ತೋರಿಸಿ.

ನಿಮ್ಮ ಮಗಳು,
ಪುಟ್ಟಿ