ಸಮ್ಮೇಳನದ ಪ್ರತಿನಿಧಿಗಳ ಓಡಾಟಕ್ಕೂ ಯೋಜನೆ ಬೇಕು

ಮಾನ್ಯ ಸಂಪಾದಕರೇ,

ಮಂಗಳೂರಿನಲ್ಲಿ ದೊಡ್ಡ ಸಮ್ಮೇಳನ ನಡೆಸುವವರು ಊಟೋಪಚಾರಕ್ಕೆ (ಅದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ) ಕೊಡುವ ಗಮನವನ್ನು ಪ್ರತಿನಿಧಿಗಳ ಓಡಾಟಕ್ಕೆ ಕೊಡುವುದಿಲ್ಲ. ಕೊಂಕಣ ಮಾರ್ಗವಾಗಿ ಕೇರಳದತ್ತ ಸಾಗುವ ಹೆಚ್ಚಿನ ರೈಲುಗಳು ಮಂಗಳೂರು ಸೆಂಟ್ರಲ್ ನಿಲ್ದಾಣಕ್ಕೆ ಬಾರದೆ ಪಡೀಲ್ ಬಳಿಯ ಮಂಗಳೂರು ಜಂಕ್ಷನ್ ನಿಲ್ದಾಣದಲ್ಲೇ ನಿಂತು ಮುಂದುವರಿಯುತ್ತವೆ ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ಇತ್ತೀಚೆಗೆ ಇಂಥದೊಂದು ಸಮ್ಮೇಳನಕ್ಕೆ ಬಂದ ನನ್ನ ಪರಿಚಿತರೊಬ್ಬರು ನಸುಕಿನಲ್ಲಿ ಜಂಕ್ಷನ್‌ನಲ್ಲಿ ಇಳಿದರೆ, ಆಯೋಜಕರ ವಾಹನ ಸೆಂಟ್ರಲ್‌ನಲ್ಲಿ ಕಾಯುತ್ತಿದ್ದುದರಿಂದ, ಚೀಲ ತಬ್ಬಿಕೊಂಡು 45 ನಿಮಿಷ ಜಡಿಮಳೆ ನೋಡುತ್ತಾ ನಿಲ್ಲಬೇಕಾಯಿತು. ನೋಂದಣಿ ಅರ್ಜಿಯಲ್ಲೇ ಇಳಿಯುವ ನಿಲ್ದಾಣ ಮತ್ತು ಸಮಯವನ್ನು ಕೇಳಿಕೊಂಡರೆ ಎಲ್ಲಿಗೆ ಎಷ್ಟು ವಾಹನ ಬೇಕೆಂಬುದು ಮೊದಲೇ ಸ್ಪಷ್ಟವಾಗುತ್ತದೆ. ಸಮಾರೋಪ ಸಂಜೆ 5ರ ಹೊತ್ತಿಗಿದ್ದರೆ, ಹಂಪನಕಟ್ಟೆ, ಜ್ಯೋತಿ ವೃತ್ತಗಳ ದಟ್ಟಣೆಯನ್ನು ಲೆಕ್ಕಕ್ಕೆ ಹಿಡಿದು, ಬಸ್‌ಗಳನ್ನು ರಸ್ತೆಬದಿ ಸಾಲುಗಟ್ಟಿಸದೆ ಬಿಡಿಬಿಡಿಯಾಗಿ ಹೊರಡಿಸುವ ಬಗ್ಗೆ ಸಂಚಾರ ಪೊಲೀಸರೊಂದಿಗೆ ಮುಂಚಿತವಾಗಿಯೇ ಚರ್ಚಿಸಬೇಕು.

– ಓರ್ವ ನಾಗರಿಕ, ಕದ್ರಿ, ಮಂಗಳೂರು