ಅವಶೇಷದ ಚರ್ಚೆ: ಸದಸ್ಯರ ಗಮನಕ್ಕೆ

2001ರ ದಾಳಿಯಲ್ಲಿ ಕುಸಿದ ನ್ಯೂಯಾರ್ಕ್‌ನ ವಿಶ್ವ ವ್ಯಾಪಾರ ಕೇಂದ್ರದ ಉಕ್ಕೆಲ್ಲ ಗುಜರಿಗೆ ಹೋಯಿತು ಎಂದು ಬರೆಯಬೇಡಿ. ಬಹುಪಾಲು ಹೋದದ್ದು ನಿಜ. ಆದರೆ ಕುಸಿತದ ಕಾರಣ ಹುಡುಕಿದ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯ ತನಿಖೆಗೆ ಉಕ್ಕಿನ 236 ತುಂಡುಗಳು ಸಿಕ್ಕಿದ್ದವು. ಹಲವು ತುಂಡುಗಳು ಯಾವ ಮಹಡಿಯವು ಎಂಬುದು ಅವುಗಳ ಮೇಲಿದ್ದ ಅಚ್ಚು, ಬಣ್ಣದ ಗುರುತುಗಳಿಂದ ಗೊತ್ತಾಯಿತು.

ಯಾವುದೇ ಕಟ್ಟಡ ಕುಸಿದಾಗಲೂ ತನಿಖೆಗೆ ಬೇಕಾದ ಉಕ್ಕನ್ನು ಜೋಪಾನ ಮಾಡಬೇಕು. ಬದುಕಿದವರನ್ನು ಹುಡುಕುವಾಗ ಉಕ್ಕು ಕತ್ತರಿಸಲೇಬೇಕು, ಅದಕ್ಕೆ ತಕರಾರಿಲ್ಲ. ಎಲ್ಲಿ ಕತ್ತರಿಸುತ್ತಾರೆ ಎಂಬುದೇ ಪ್ರಶ್ನೆ. ಗ್ಯಾಸ್ ಕಟರ್ ಮುರಿದ ಭಾಗದ ಹತ್ತಿರ ತಾಗಿದರೆ ಲೋಹದ ಒಳರಚನೆ ಬದಲಾಗುತ್ತದೆ. ಆಮೇಲೆ ಅದು ಬೆಂಕಿಯ ಕಾವೋ ಕಟರಿನ ಕಾವೋ ಎಂದು ಬಿಡಿಸಿ ಹೇಳುವುದು ಕಷ್ಟ. ಉಕ್ಕು ಮುರಿದ ಮೇಲ್ಮೈಗಳನ್ನು ಉಜ್ಜಬಾರದು, ಒಂದಕ್ಕೊಂದು ಜೋಡಿಸಿಯೂ ನೋಡಬಾರದು, ಗೀರು ಬೀಳುತ್ತದೆ. ತುಕ್ಕು ಹಿಡಿಯದಂತೆ ಒಣಗಿದ ಕಡೆ ಇಡಬೇಕು.

ಎತ್ತುವ ಮೊದಲೇ ಫೋಟೊ, ಬಿದ್ದಿದ್ದ ಜಾಗ, ದಿಕ್ಕು ದಾಖಲಾಗಬೇಕು. ತುಂಡಿನ ಮೇಲೆ ಅದರ ಸಂಖ್ಯೆಯನ್ನು ಬಣ್ಣದಲ್ಲೇ ಬರೆಯಲಿ. ಕಾಗದದ ಚೀಟಿ ಮೊದಲ ಮಳೆಗೇ ಹೋಗುತ್ತದೆ.