ಸಾಣೆಯ ಪಕ್ಕ ಸೀಮೆಸುಣ್ಣ ಪೋಣಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ‘ಹೀಲಿಂಗ್ ಕ್ರಿಸ್ಟಲ್’ಗಳನ್ನು, ಅಂದರೆ ಕಾಯಿಲೆ-ಕಷ್ಟ ಕಳೆಯುತ್ತವೆ ಎಂದು ನಂಬುವ ಹರಳುಗಳನ್ನು, ಜೋಡಿಸಿ ದಿನಬಳಕೆಯ ಒಡವೆ ಮಾಡಿಕೊಳ್ಳುವುದು ಹೇಗೆ ಎಂಬ ಲೇಖನ ಬಂದಿತ್ತು. ನನ್ನ ಸೊಸೆ ಅದನ್ನು ಕತ್ತರಿಸಿ, ನನ್ನ ಕೆಲಸದ ಪೆಟ್ಟಿಗೆ ಮೇಲಿಟ್ಟು, “ಮಾವ, ಓದಿ. ಆದರೆ ಬೈಕೋಬೇಡಿ” ಅಂದಳು. ಓದಿದೆ, ಬೈಯಲಿಲ್ಲ. ಬದಲಿಗೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಿ. ಕತ್ತರಿಸುವುದಾದರೆ ಕಲ್ಲಿನ ವಿಷಯ ಬಿಟ್ಟು ಬೇರೇನನ್ನಾದರೂ ಕತ್ತರಿಸಿ.

ನಾನು ಮೈಸೂರಿನ ಅಶೋಕ ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ ಕೂತು ಕೆಲಸ ಮಾಡುವ ಅಕ್ಕಸಾಲಿಗ. ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಊದುಕೊಳವೆ ಹಿಡಿದವನು. ಹತ್ತು ವರ್ಷದ ಹಿಂದೆ ನನ್ನ ಹತ್ತಿರ ಓಲೆಯ ತಿರುಪು ಸವೆದಿದೆ, ಸರದ ಕೊಂಡಿ ಕಿತ್ತಿದೆ ಎಂದು ಬರುತ್ತಿದ್ದರು. ಈಗ ದಿನಕ್ಕೆ ಒಬ್ಬರಾದರೂ ಎಲಾಸ್ಟಿಕ್ ಕಿತ್ತುಹೋದ ಕ್ರಿಸ್ಟಲ್ ಬ್ರೇಸ್‌ಲೆಟ್ ಹಿಡಿದು ಬರುತ್ತಾರೆ. ಹಾಗಾಗಿ ನಿಮ್ಮ ಲೇಖನದ ಫಲ ಏನೆಂದು ನನಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ.

ಮೊನ್ನೆ ಸೋಮವಾರ ಒಬ್ಬ ಹುಡುಗಿ ಬಂದಳು. ಕಾಲೇಜಿನವಳಿರಬೇಕು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ಟಿಫನ್ ಡಬ್ಬಿಯೊಳಗೆ ಟಿಶ್ಯೂ ಸುತ್ತಿ ತಂದಿದ್ದಳು. “ಅಂಕಲ್, ಇದರ ಎನರ್ಜಿ ಹೋಗಿಬಿಟ್ಟಿದೆ ಅನ್ಸುತ್ತೆ, ಎಲ್ಲಾ ಡಲ್ ಆಗಿದೆ.”

“ಎನರ್ಜಿ ವಿಷಯ ನನಗೆ ಗೊತ್ತಿಲ್ಲ ಕಣಮ್ಮ. ಪಾಲಿಶ್ ಹೋಗಿರೋದಂತೂ ನಿಜ” ಅಂದೆ.

ಬಿಳಿ ಬಟ್ಟೆ ಮೇಲೆ ಮಣಿಗಳನ್ನು ಸುರಿದು, ಕಣ್ಣಿಗೆ ಸಿಕ್ಕಿಸುವ ಮಸೂರವನ್ನು ಅವಳ ಕೈಗೇ ಕೊಟ್ಟೆ. ಹಸಿರು ಮ್ಯಾಲಕೈಟ್ ಮಣಿಗಳು ಪಕ್ಕದ ನೇರಳೆ ಅಮೆಥಿಸ್ಟಿಗೆ ತಾಗುವ ಕಡೆಯೆಲ್ಲ ಬಟ್ಟಲಿನಂತೆ ಗುಳಿ ಬಿದ್ದಿದ್ದವು. ತೂತು ಸವೆದು ಲಾಳಿಕೆಯ ಬಾಯಾಗಿತ್ತು. ಸೆಲೆನೈಟಿನ ಎರಡು ಮಣಿ ಇದ್ದವಂತೆ, ಒಂದು ಅರ್ಧ ಉಳಿದಿತ್ತು, ಇನ್ನೊಂದರ ಬಿಳಿ ಪುಡಿ ದಾರಕ್ಕೆ ಮೆತ್ತಿಕೊಂಡಿತ್ತು. ಪೈರೈಟ್ ಮಣಿಯಿಂದ ಕಂದು ತುಕ್ಕು ಇಳಿದು ಗುಲಾಬಿ ಬಣ್ಣದ ರೋಸ್ ಕ್ವಾರ್ಟ್ಜ್‌ನ ತೂತಿನೊಳಗೆ ಗೆರೆ ಎಳೆದಿತ್ತು. ಅಮೆಥಿಸ್ಟ್ ಮಾತ್ರ, ಜಗಳ ಹಚ್ಚಿ ಸುಮ್ಮನಾದವರ ಹಾಗೆ, ಏನೂ ಆಗದಂತೆ ಕೂತಿತ್ತು. ಎಂಟು ತಿಂಗಳು ಕೈಯಲ್ಲಿದ್ದದ್ದಂತೆ. ಹುಣ್ಣಿಮೆ ಹುಣ್ಣಿಮೆಗೂ ರಾತ್ರಿ ಉಪ್ಪುನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬಿಸಿಲಿಗಿಡುತ್ತಿದ್ದಳಂತೆ. ನಿಮ್ಮ ಲೇಖನದಲ್ಲಿರುವುದೂ ಇದೇ ವಿಧಾನ, ಹೆಚ್ಚುಕಡಿಮೆ ಇದೇ ಜೋಡಿ.

ನಂಬಿಕೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆಯುಧಪೂಜೆಯ ದಿನ ನಾನೂ ಸುತ್ತಿಗೆ, ಇಕ್ಕಳಕ್ಕೆ ಕುಂಕುಮ ಇಟ್ಟು ಕೈಮುಗಿಯುತ್ತೇನೆ. ಆದರೆ ಯಾವ ಕಲ್ಲಿಗೆ ಯಾವ ಕಲ್ಲು ಹೊಂದುತ್ತದೆ ಎಂದು ಅಷ್ಟುದ್ದ ಬರೆಯುವವರು ಕಲ್ಲಿನ ಸ್ವಭಾವವನ್ನೇ ಕೇಳದಿದ್ದರೆ ಹೇಗೆ?

ಗಡಸುತನದ ಲೆಕ್ಕವನ್ನು ಜರ್ಮನಿಯ ಮೋಸ್ ಎಂಬುವರು 1812ರಲ್ಲೇ ಮಾಡಿಟ್ಟಿದ್ದಾರೆ. 1ರಿಂದ 10ರವರೆಗೆ, ದೊಡ್ಡ ಅಂಕಿಯ ಕಲ್ಲು ಚಿಕ್ಕ ಅಂಕಿಯದನ್ನು ಗೀರುತ್ತದೆ, ವಜ್ರ 10. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಸಿಗುವ ನಕ್ಷತ್ರ ಮಾಣಿಕ್ಯ, ಅಂಗಡಿಯವರ ಬಾಯಲ್ಲಿ ಸ್ಟಾರ್ ರೂಬಿ, 9. ಅದೂ ಕುರುಂದದ ಜಾತಿಯೇ. ಕುರುಂದವನ್ನು ಪುಡಿಮಾಡಿ ಅರಗಿನಲ್ಲಿ ಕಲಸಿ ಸಾಣೆ ಮಾಡುತ್ತಿದ್ದರು, ಹರಳು ಉಜ್ಜುವುದಕ್ಕೆ. ಅಮೆಥಿಸ್ಟ್, ಸ್ಫಟಿಕ 7. ಮ್ಯಾಲಕೈಟ್ 4ರ ಒಳಗೆ. ಮುತ್ತು, ಹವಳವೂ ಅದರ ಆಸುಪಾಸಿನವೇ. ಸೆಲೆನೈಟ್ 2, ಉಗುರಿನಲ್ಲಿ ಗೀರಿದರೂ ಗೆರೆ ಬೀಳುತ್ತದೆ. ಸೆಲೆನೈಟ್ ಅಂದರೆ ಬೇರೇನಲ್ಲ, ಜಿಪ್ಸಮ್. ಶಾಲೆಯಲ್ಲಿ ಬರೆಯುವ ಸೀಮೆಸುಣ್ಣ ಮಾಡುವುದೂ ಜಿಪ್ಸಮ್ ಸುಟ್ಟ ಪುಡಿಯಿಂದಲೇ. ನಿಮ್ಮ ಲೇಖನ ‘ರಕ್ಷಣೆಗೆ ಮಾಣಿಕ್ಯ, ಶುದ್ಧಿಗೆ ಸೆಲೆನೈಟ್’ ಎಂದು ಎರಡನ್ನೂ ಒಂದೇ ದಾರಕ್ಕೆ ಹಾಕಿಸಿದೆ. ಸಾಣೆಯ ಪಕ್ಕ ಸೀಮೆಸುಣ್ಣ ಕಟ್ಟಿ, ದಿನಕ್ಕೆ ಸಾವಿರ ಸಲ ಕೈ ಆಡಿಸಿ ಎಂದು ಹೇಳಿದ ಹಾಗಾಯಿತು.

ಇನ್ನು ನೀರು. ಸೆಲೆನೈಟ್ ನೀರಿನಲ್ಲಿ ನಿಧಾನಕ್ಕೆ ಕರಗುತ್ತದೆ. ಪೈರೈಟ್ ಕಬ್ಬಿಣ-ಗಂಧಕದ ಕಲ್ಲು, ಉಪ್ಪುನೀರು ಕಂಡರೆ ತುಕ್ಕು. ಮುತ್ತು, ಹವಳ ಎರಡೂ ಸುಣ್ಣದ ಮಕ್ಕಳು, ನಿಂಬೆಹುಳಿ, ಬೆವರು, ಸೆಂಟು ತಾಗಿದರೆ ಹೊಳಪು ಹೋಗುತ್ತದೆ. ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್ ನೀರಿಗೆ ಹೆದರುವುದಿಲ್ಲ, ಆದರೆ ಬಿಸಿಲಿನಲ್ಲಿ ಬಣ್ಣ ಬಿಡುತ್ತವೆ. ನಮ್ಮ ಬೀದಿಯ ಅಂಗಡಿಯೊಂದರ ಷೋಕೇಸಿನಲ್ಲಿ ವರ್ಷಗಟ್ಟಲೆ ನೇತುಬಿದ್ದಿದ್ದ ಅಮೆಥಿಸ್ಟ್ ಸರ ಒಂದನ್ನು ನಾನೇ ಬಿಚ್ಚಿ ಪೋಣಿಸಿದ್ದೇನೆ. ರಸ್ತೆ ಕಡೆಯ ಮಣಿಗಳು ಅಕ್ಕಿ ತೊಳೆದ ಅಕ್ಕಚ್ಚಿನ ಬಣ್ಣ, ಗೋಡೆ ಕಡೆಯವು ನೇರಳೆ ಹಣ್ಣು.

ಆದರೆ ನನಗೆ ನಿಜಕ್ಕೂ ಸಿಟ್ಟು ಬಂದದ್ದು ‘ಕ್ರಿಸ್ಟಲ್ ನೀರು’ ಎಂಬ ಪೆಟ್ಟಿಗೆ ಬರಹ ನೋಡಿ. ರಾತ್ರಿಯಿಡೀ ನೀರಿನ ಬಾಟಲಿಯಲ್ಲಿ ಮ್ಯಾಲಕೈಟ್ ಹಾಕಿಟ್ಟು, ಬೆಳಿಗ್ಗೆ ನಿಂಬೆರಸ ಹಿಂಡಿ ಖಾಲಿಹೊಟ್ಟೆಗೆ ಕುಡಿಯಿರಿ ಎಂದಿದ್ದೀರಿ. ಸ್ವಾಮಿ, ಮ್ಯಾಲಕೈಟ್ ಅಂದರೆ ತಾಮ್ರ, ನೆಲದೊಳಗೆ ಕಲ್ಲಾಗಿ ಕಟ್ಟಿದ ಕಿಲುಬು. ತಾಮ್ರದ ಹಂಡೆಗೆ ಹಸಿರು ಹಿಡಿಯುತ್ತದಲ್ಲ, ಆ ಬಳಗದ್ದೇ. ಹುಳಿ ಬಿದ್ದರೆ ತಾಮ್ರ ಬಿಡುತ್ತದೆ. ನಮ್ಮಜ್ಜಿ ತಾಮ್ರ ಬೆರೆತ ಹಿತ್ತಾಳೆ ಪಾತ್ರೆಗೆ ವರ್ಷಕ್ಕೊಮ್ಮೆ ಕಲಾಯಿ ಹಾಕಿಸದೆ ಅದರಲ್ಲಿ ಸಾರು ಕುದಿಸುತ್ತಿರಲಿಲ್ಲ. ಕಲಾಯಿಯವನು ಬರುವುದು ತಡವಾದರೆ ಮಣ್ಣಿನ ಮಡಕೆಯಲ್ಲೇ ಹುಳಿ ಮಾಡುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ಗೊತ್ತಿದ್ದದ್ದು ನಿಮ್ಮ ಪುರವಣಿಗೆ ಗೊತ್ತಿರಬೇಡವೇ? ಈ ಒಂದು ಸಾಲಿಗಾದರೂ ನಾಳೆಯೇ ತಿದ್ದುಪಡಿ ಹಾಕಿ. ಕಲ್ಲು ಕಟ್ಟಿಕೊಂಡರೆ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂಬ ಮಾತನ್ನೂ ಅದರ ಜೊತೆಗೇ ಹಾಕಿದರೆ ಉಪಕಾರ.

ಈಗ ನಗು ಬಂದ ಭಾಗಕ್ಕೆ ಬರುತ್ತೇನೆ. ಶಾಂತಿಗೆ ಅಮೆಥಿಸ್ಟ್, ಸಂಪತ್ತಿಗೆ ಸಿಟ್ರಿನ್, ಪ್ರೀತಿಗೆ ರೋಸ್ ಕ್ವಾರ್ಟ್ಜ್, ಧ್ಯಾನಕ್ಕೆ ಸ್ಫಟಿಕ. ಇವುಗಳ ‘ಕಂಪನ’ ಬೇರೆಬೇರೆ, ಎಚ್ಚರದಿಂದ ಜೋಡಿಸಬೇಕು ಎಂದು ಬರೆದಿದ್ದೀರಿ. ನಾಲ್ಕೂ ಒಂದೇ ತಾಯಿಯ ಮಕ್ಕಳು, ಎಲ್ಲವೂ ಸ್ಫಟಿಕವೇ. ಅಮೆಥಿಸ್ಟಿನ ನೇರಳೆಗೂ ಸಿಟ್ರಿನ್‌ನ ಹಳದಿಗೂ ಕಾರಣ ಒಳಗಿರುವ ಚೂರು ಕಬ್ಬಿಣ. ಅಮೆಥಿಸ್ಟನ್ನು ಚೆನ್ನಾಗಿ ಕಾಯಿಸಿದರೆ ಹಳದಿಯಾಗುತ್ತದೆ. ಮಾರುಕಟ್ಟೆಯಲ್ಲಿ ಸಿಟ್ರಿನ್ ಎಂದು ಮಾರುವುದರಲ್ಲಿ ಬಹುಪಾಲು ಹೀಗೆ ಕಾಯಿಸಿದ ಅಮೆಥಿಸ್ಟೇ. ಅಂದರೆ ನಿಮ್ಮ ಲೆಕ್ಕದಲ್ಲಿ ಶಾಂತಿಯನ್ನು ಕುಲುಮೆಗೆ ಹಾಕಿದರೆ ಸಂಪತ್ತು!

ಇದು ಓದಿ ಕಲಿತದ್ದಲ್ಲ, ದಂಡ ಕಟ್ಟಿ ಕಲಿತದ್ದು. 1978ರಲ್ಲಿ, ಕೆಲಸಕ್ಕೆ ಕೂತ ಮೊದಲ ವರ್ಷ, ಗಿರಾಕಿಯೊಬ್ಬರ ಅಮೆಥಿಸ್ಟ್ ಉಂಗುರ ಸೀಳಿತ್ತು. ಅಪ್ಪ ಊಟಕ್ಕೆ ಹೋಗಿದ್ದರು. ಹರಳು ಬಿಚ್ಚದೆ ಬೆಸುಗೆ ಹಾಕಿಬಿಡೋಣ ಎಂದು ಜ್ವಾಲೆ ಹಿಡಿದೆ. ಬೆಸುಗೆ ಓಡಿತು. ಜೊತೆಗೇ ನೇರಳೆ ಬಣ್ಣವೂ ಓಡಿಹೋಗಿ, ಹಸಿ ಅರಿಶಿನದ ಹಳದಿ ಬಂದು, ನಡುವೆ ಟಿಕ್ ಎಂದು ಕೂದಲೆಳೆಯ ಬಿರುಕು. ಅಪ್ಪ ಬಂದು ನೋಡಿ ಒಂದು ಮಾತೂ ಆಡಲಿಲ್ಲ. ಬೇರೆ ಹರಳು ತಂದು ಕೂರಿಸಿಕೊಟ್ಟರು. ಆ ಒಡೆದ ಹರಳನ್ನು ನನ್ನ ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟರು. ಈಗಲೂ ಅಲ್ಲೇ ಇದೆ.

ಕಾಯಿಸುವುದೇ ಮೋಸ ಎಂದು ನಾನು ಹೇಳುತ್ತಿಲ್ಲ. ಗುಜರಾತಿನ ಖಂಬಾತಿನಲ್ಲಿ ಅಕೀಕ್ ಎಂಬ ಕಲ್ಲನ್ನು ಸುಟ್ಟು ಕೆಂಪು ಮಾಡುವ ಕಸುಬು ತಲೆತಲಾಂತರದ್ದು. ಹರಪ್ಪದವರೂ ಅದನ್ನು ಬಲ್ಲವರಾಗಿದ್ದರು. ಮೋಸ ಇರುವುದು ಹೇಳದೆ ಮಾರುವುದರಲ್ಲಿ. ಹೌಲೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ, ಹಸಿರುನೀಲಿ ಹರಳಾದ ಟರ್ಕಾಯ್ಸ್ ಎನ್ನುತ್ತಾರೆ. ಉಗುರು ಬಣ್ಣ ತೆಗೆಯುವ ದ್ರವ ಹತ್ತಿಗೆ ತಾಗಿಸಿ ಉಜ್ಜಿದರೆ ಎಷ್ಟೋ ಸಲ ಹತ್ತಿ ನೀಲಿಯಾಗುತ್ತದೆ. ಓಪಲೈಟ್ ಎಂದು ಮಾರುವುದು ಗಾಜು. ಮಿನುಗುವ ಗೋಲ್ಡ್‌ಸ್ಟೋನೂ ಗಾಜೇ, ಒಳಗೆ ತಾಮ್ರದ ಕಣ. ಗಾಜಿಗೆ ಯಾವ ಗ್ರಹ ಒಲಿಯುತ್ತದೋ ಲೇಖಕಿಯನ್ನೇ ಕೇಳಬೇಕು.

ಹರಳು ಜೋಡಿಸುವುದು ನಮಗೇನು ಹೊಸದಲ್ಲವಲ್ಲ. ನವರತ್ನದ ಉಂಗುರ ಮಾಡುವಾಗ ಅಪ್ಪ ಮುತ್ತು, ಹವಳಕ್ಕೆ ಗೋಡೆ ಸ್ವಲ್ಪ ಎತ್ತರ ಕಟ್ಟುತ್ತಿದ್ದರು, ಹರಳು ಹರಳಿಗೆ ತಾಗದ ಹಾಗೆ. ಆದರೂ ಹಳೆಯ ನವರತ್ನ ಉಂಗುರ ರಿಪೇರಿಗೆ ಬಂದರೆ ಮೊದಲು ಹೋಗಿರುವುದು ಮುತ್ತೇ. ಮುತ್ತಿನ ಸರವಾದರೆ ರೇಷ್ಮೆ ದಾರ, ಮುತ್ತು ಮುತ್ತಿನ ನಡುವೆ ಒಂದೊಂದು ಗಂಟು. ದಾರ ಹರಿದರೂ ಒಂದೇ ಮುತ್ತು ಉದುರಬೇಕು, ಒಂದಕ್ಕೊಂದು ಉಜ್ಜಬಾರದು, ಅದಕ್ಕೆ. ನಮ್ಮಮ್ಮನ ಸ್ಫಟಿಕದ ಮಾಲೆಯನ್ನು ಮಾತ್ರ ಅಪ್ಪ ಗಂಟಿಲ್ಲದೆ ಪೋಣಿಸಿದ್ದರು: “ಒಂದೇ ಜಾತಿ, ಉಜ್ಜಿದರೂ ಜಗಳ ಇಲ್ಲ.” ನಿಮ್ಮ ಲೇಖನದ ಮೂರು ಪುಟಕ್ಕಿಂತ ಆ ಒಂದು ಮಾತು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ.

ಇನ್ನೊಂದು, ಇದನ್ನು ಹೆಂಗಸರು ದಯವಿಟ್ಟು ಗಮನಿಸಬೇಕು. ದೇವರ ಮುಂದಿಟ್ಟ ಮಾಲೆ ಧೂಳು ಹಿಡಿದಿದೆ ಎಂದು ಸೆರಗಿನಲ್ಲಿ ಒರೆಸಬೇಡಿ. ಮನೆಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದೂ 7ರದ್ದೇ. ಮೆತ್ತಗಿನ ಕಲ್ಲಿಗೆಲ್ಲ ಅದು ಉಪ್ಪುಕಾಗದ. ಮೊದಲು ಊದಿ, ಆಮೇಲೆ ನೀರಿಗೆ ಅಂಜದ ಕಲ್ಲಾದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆಯಿರಿ.

ನೀವು ಕಲ್ಲಿನ ಬಗ್ಗೆ ಬರೆಯಿಸಲೇಬಾರದು ಎಂದಲ್ಲ. ಬರೆಯಿಸಿ. ಲ್ಯಾಬ್ರಡೊರೈಟ್ ಎಂಬ ಬೂದು ಕಲ್ಲನ್ನು ಓರೆ ಹಿಡಿದರೆ ನವಿಲುಗರಿಯ ನೀಲಿ ಮಿಂಚುತ್ತದೆ. ಕಲ್ಲಿನೊಳಗಿನ ಬಹಳ ತೆಳುವಾದ ಪದರಗಳ ಆಟ ಅದು. ನಮ್ಮ ಸಿ.ವಿ. ರಾಮನ್ ಅವರು ನೊಬೆಲ್ ಬಂದ ಮೇಲೂ ಇಂಥ ಕಲ್ಲು, ಓಪಲ್, ಮುತ್ತುಗಳ ಬಣ್ಣದ ಹಿಂದೆ ಬಿದ್ದಿದ್ದವರು. ಬೆಂಗಳೂರಿನಲ್ಲಿ 1948ರಲ್ಲಿ ಕಟ್ಟಿದ ತಮ್ಮ ಸಂಸ್ಥೆಯಲ್ಲಿ ಹರಳುಗಳ ಸಂಗ್ರಹವನ್ನೇ ಇಟ್ಟುಕೊಂಡಿದ್ದರು. ಅದರ ಬಗ್ಗೆ ಒಂದು ಪುರವಣಿ ತಂದರೆ ನನ್ನ ಸೊಸೆಗಿಂತ ಮೊದಲು ನಾನೇ ಕತ್ತರಿಸಿಡುತ್ತೇನೆ.

ಆ ಹುಡುಗಿಯ ಬ್ರೇಸ್‌ಲೆಟ್ ಏನಾಯಿತು ಎಂದರೆ, ಎರಡು ಮಾಡಿಕೊಟ್ಟೆ. ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್, ಎರಡು ಟೈಗರ್ ಐ ಒಟ್ಟಿಗೆ ಒಂದರಲ್ಲಿ, ಎಲ್ಲಾ ಒಂದೇ ಗಡಸು. ಉಳಿದ ಮ್ಯಾಲಕೈಟಿಗೆ ಬೇರೆ ರೇಷ್ಮೆ ದಾರ, ಪ್ರತಿ ಮಣಿಗೂ ಗಂಟು. ಅದನ್ನು ಕೈಗೆ ಬೇಡ, ಕುತ್ತಿಗೆಗೆ ಹಾಕಿಕೋ, ಮೇಜಿಗೆ ಬಡಿಯುವುದಿಲ್ಲ ಎಂದೆ. ಪೈರೈಟನ್ನು ಕಾಗದದಲ್ಲಿ ಸುತ್ತಿಕೊಟ್ಟೆ. ಕೂಲಿ ನೂರೈವತ್ತು ರೂಪಾಯಿ. ದುಡ್ಡು ಎಣಿಸುತ್ತ, “ಅಂಕಲ್, ಉಪ್ಪುನೀರು ಬೇಡ, ಬಿಸಿಲು ಬೇಡ ಅಂತೀರಿ. ಹುಣ್ಣಿಮೆಗೆ ಏನ್ ಮಾಡ್ಲಿ ಹಾಗಾದ್ರೆ?” ಅಂದಳು.

“ಒಣಬಟ್ಟೆ ಹಾಸಿ ತಾರಸಿ ಮೇಲೆ ಇಡಮ್ಮ. ಬೆಳದಿಂಗಳಿಗೆ ಯಾವ ಕಲ್ಲೂ ಬಣ್ಣ ಬಿಡಲ್ಲ. ಬೆಳಿಗ್ಗೆ ಕಾಗೆ ಎದ್ದೇಳೋದರೊಳಗೆ ಒಳಗೆ ತಗೋ” ಅಂದೆ.

ಇಂತಿ,
ಒಬ್ಬ ಅಕ್ಕಸಾಲಿಗ, ಮೈಸೂರು